ಸ್ಲೇಟ್ ವ್ಯಾಗನ್ ಕಿಟ್‌ಗಳ ಗಾಲಿ ಮತ್ತು ಹಲಗೆ ಬದಲಿಸಿಕೊಡುವ ಬಗ್ಗೆ

ಗೆ,
ವ್ಯವಸ್ಥಾಪಕರು,
ಮಾದರಿ ರೈಲು ಕಿಟ್ ಮಾರಾಟ ಮಳಿಗೆ,
ಬೆಂಗಳೂರು

ಮಾನ್ಯರೇ,

ಜೂನ್‌ನಲ್ಲಿ ನಿಮ್ಮಿಂದ ಆರು ಸ್ಲೇಟ್ ವ್ಯಾಗನ್ (ಸ್ಲೇಟ್ ಕಲ್ಲು ಸಾಗಿಸುವ ರೈಲು ಬಂಡಿಯ ಪುಟ್ಟ ಮಾದರಿ) ಕಿಟ್ ತರಿಸಿಕೊಂಡೆ. ಒಂದಕ್ಕೆ 2,650ರಂತೆ ಒಟ್ಟು 15,900 ರೂಪಾಯಿ ಕೊಟ್ಟಿದ್ದೇನೆ. ಬಿಲ್ಲಿನ ಪ್ರತಿ ಜೊತೆಗಿದೆ. ಆರನ್ನೂ ಜೋಡಿಸಿ ಎರಡು ತಿಂಗಳಾಯಿತು. ಇವತ್ತಿಗೂ ನನ್ನ ಹಿತ್ತಲಿನ ಹಳಿ ಮೇಲೆ ಅವು ಸರಿಯಾಗಿ ಓಡಿಲ್ಲ.

ಮೊದಲು ಗಾಲಿ ವಿಷಯ. ಪೆಟ್ಟಿಗೆ ಮೇಲೆ ನೀವೇ ‘32 ಮಿ.ಮೀ. ಹಳಿಗೆ, ಗಾಲಿಗಳ ಒಳಮೈ ನಡುವೆ 28 ಮಿ.ಮೀ.’ ಅಂತ ಬರೆದಿದ್ದೀರಿ. ಹನ್ನೆರಡು ಜೋಡಿಯನ್ನೂ ವರ್ನಿಯರ್ ಹಿಡಿದು ಅಳೆದೆ. ಒಂಬತ್ತು ಜೋಡಿ 26.5ರಿಂದ 27ರ ಒಳಗಿವೆ. ಒಂದು ಮಿಲಿಮೀಟರ್ ತಾನೇ ಅಂತ ನಿಮಗನಿಸಬಹುದು. ನೇರ ಹಳಿಯಲ್ಲಿ ಏನೂ ಗೊತ್ತಾಗುವುದಿಲ್ಲ, ನಿಜ. ಪಾಯಿಂಟ್ಸ್, ಅಂದರೆ ಹಳಿ ಕವಲೊಡೆಯುವ ಜಾಗದ ಹತ್ತಿರ ಬಂದ ಕೂಡಲೇ ಗಾಲಿಯ ಬೆನ್ನು ಚೆಕ್ ರೈಲ್‌ಗೆ (ಗಾಲಿ ದಾರಿ ತಪ್ಪದಂತೆ ಹಳಿಯ ಒಳಬದಿಗೆ ಹಾಕಿದ ತುಂಡು ಹಳಿ) ಕಚ್ಚಿಕೊಳ್ಳುತ್ತದೆ. ವ್ಯಾಗನ್ ಗಕ್ಕನೆ ನಿಲ್ಲುತ್ತದೆ, ಹಿಂದಿನದು ಬಂದು ಗುದ್ದುತ್ತದೆ, ಗಾಲಿ ಹಳಿ ಹತ್ತಿ ಆಚೆ ಬೀಳುತ್ತದೆ.

ಫೋನ್ ಮಾಡಿದಾಗ ನಿಮ್ಮವರು "ನಿಮ್ಮ ಟ್ರ್ಯಾಕೇ ಸರಿ ಇಲ್ಲ ಅನ್ಸುತ್ತೆ ಸಾರ್" ಅಂದರು. ಅದೇ ಪಾಯಿಂಟ್ಸ್ ಮೇಲೆ ನನ್ನ ಎರಡು ಹಳೆಯ ವ್ಯಾಗನ್ ನಾಲ್ಕು ವರ್ಷದಿಂದ ಓಡುತ್ತಿವೆ. ಅವುಗಳ ಗಾಲಿ ಅಳೆದರೆ 28 ಬರುತ್ತದೆ. ನಿಮ್ಮ ಒಂದು ಜೋಡಿಯನ್ನು ನಾನೇ ಎಳೆದು ಸರಿಮಾಡಲು ನೋಡಿದೆ. ಗಾಲಿ ಆಕ್ಸಲ್ ಮೇಲೆ ಸಡಿಲವಾಗಿ ಓಲಾಡತೊಡಗಿತು. ಉಳಿದವನ್ನು ಮುಟ್ಟಿಲ್ಲ.

ಈ ವ್ಯಾಗನ್‌ಗಳನ್ನೇ ಆರಿಸಿದ್ದು ವೇಲ್ಸ್‌ನ ಫೆಸ್ಟಿನಿಯೋಗ್ ರೈಲ್ವೆ ಮೇಲಿನ ಪ್ರೀತಿಯಿಂದ. 1836ರಲ್ಲಿ ಶುರುವಾದ ಆ ದಾರಿಯಲ್ಲಿ ಸ್ಲೇಟ್ ಕಲ್ಲು ತುಂಬಿದ ವ್ಯಾಗನ್‌ಗಳು ಎಂಜಿನ್ ಇಲ್ಲದೆ, ಬರೀ ಇಳಿಜಾರಿನಲ್ಲಿ ಉರುಳಿಕೊಂಡು ಬಂದರಿಗೆ ಇಳಿಯುತ್ತಿದ್ದವು. ಖಾಲಿ ವ್ಯಾಗನ್‌ಗಳನ್ನು ಮೊದಮೊದಲು ಕುದುರೆಗಳು ಮೇಲಕ್ಕೆ ಎಳೆಯುತ್ತಿದ್ದವು. ಇಳಿಯುವಾಗ ಆ ಕುದುರೆಗಳೂ ಒಂದು ವ್ಯಾಗನ್ನಿನಲ್ಲಿ ನಿಂತು ಬರುತ್ತಿದ್ದವಂತೆ! ಸುಮಾರು ಎರಡಡಿ ಅಗಲದ ಆ ಹಳಿಯನ್ನು ಅಡಿಗೆ 16 ಮಿ.ಮೀ. ಲೆಕ್ಕದಲ್ಲಿ ಇಳಿಸಿದರೆ ನಮ್ಮ 32 ಬರುತ್ತದೆ, ಅಲ್ವಾ?

ನಮ್ಮ ಹಿತ್ತಲೂ ಹಲಸಿನ ಮರದಿಂದ ಬಾವಿಕಟ್ಟೆವರೆಗೆ ಇಳಿಜಾರು. ನಲವತ್ತಡಿಗೆ ಒಂದಡಿ ಇಳಿತ ಕೊಟ್ಟು ಹಳಿ ಹಾಕಿದ್ದೇನೆ. ಎಂಜಿನ್ ಇದ್ದಿದ್ದರೆ ಗಾಲಿ ಸ್ವಲ್ಪ ಕಚ್ಚಿದರೂ ಎಳೆದುಕೊಂಡು ಹೋಗುತ್ತಿತ್ತೋ ಏನೋ. ಇಲ್ಲಿ ಗಾಲಿ ತಾನಾಗಿ ಹಗುರವಾಗಿ ಉರುಳಲೇಬೇಕು. ದಸರಾ ರಜೆಗೆ ಬಂದ ಮೊಮ್ಮಗಳು ಬಾವಿಕಟ್ಟೆ ಹತ್ತಿರ ಕೂತು ಕಾದಳು. ಒಂದು ಸಲವೂ ಆರೂ ವ್ಯಾಗನ್ ಅವಳ ತನಕ ಬರಲಿಲ್ಲ. ನನಗೆ ತುಂಬಾ ಬೇಜಾರಾಯಿತು.

ಇನ್ನು ಹಲಗೆ. ‘ಹೊರಾಂಗಣಕ್ಕೆ ವಾಟರ್‌ಪ್ರೂಫ್ ಪ್ಲೈವುಡ್’ ಅಂತ ಹೇಳಿದ್ದಿರಿ. ನಾಲ್ಕು ಕಿಟ್‌ಗಳಲ್ಲಿ ತಳದ ಹಲಗೆ ಎಂಡಿಎಫ್‌ನದು, ಅಂದರೆ ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ್ದು. ಕತ್ತರಿಸಿದ ಅಂಚಿನಲ್ಲಿ ಪದರಗಳೇ ಇಲ್ಲ, ಒಂದೇ ಸಮ ಕಂದು ಪುಡಿ. ಎರಡು ಕೋಟ್ ಬಣ್ಣ ಹೊಡೆದಿದ್ದೆ. ಆದರೂ ಒಂದೇ ಮಳೆಗೆ ಅಂಚುಗಳು ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಉಬ್ಬಿಕೊಂಡವು. ಈಗ ಆ ವ್ಯಾಗನ್‌ಗಳನ್ನು ಗಾಜಿನ ಮೇಲಿಟ್ಟರೆ ಮೂರೇ ಗಾಲಿ ತಾಗುತ್ತವೆ. ನಮ್ಮೂರು ಸಾಗರದ ಮಳೆ ಗೊತ್ತಿದ್ದೇ ನಾನು ಆರ್ಡರ್ ಮಾಡುವಾಗ ಎರಡೆರಡು ಸಲ ಕೇಳಿದ್ದೆ.

ಉಳಿದ ಭಾಗಗಳು ಚೆನ್ನಾಗಿವೆ. ಲೇಸರ್ ಕಟಿಂಗ್ ಚೊಕ್ಕವಾಗಿದೆ, ಸರಪಳಿ ಕೊಂಡಿಗಳು ಗಟ್ಟಿಯಾಗಿವೆ. ಅದಕ್ಕೇ ಮೊದಲು ಹಣ ವಾಪಸ್ ಕೇಳುತ್ತಿಲ್ಲ. ಒಂಬತ್ತು ಜೋಡಿ ಗಾಲಿ, ನಾಲ್ಕು ತಳದ ಹಲಗೆ, ಇಷ್ಟನ್ನು ನಿಮ್ಮ ಕೊರಿಯರ್ ಖರ್ಚಿನಲ್ಲಿ ಹದಿನೈದು ದಿನದೊಳಗೆ ಕಳಿಸಿ. ಆಗದಿದ್ದರೆ ಪೂರ್ತಿ 15,900 ರೂಪಾಯಿ ವಾಪಸ್ ಮಾಡಿ. ಎರಡೂ ಆಗದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಂತೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ.

ಗಾಲಿ, ಹಲಗೆಯ ಫೋಟೋಗಳನ್ನು, ಪ್ರತಿ ಜೋಡಿಯ ಅಳತೆಯನ್ನು ಜೊತೆಗಿಟ್ಟಿದ್ದೇನೆ. ಈ ಸಲ ದಯವಿಟ್ಟು ಪೆಟ್ಟಿಗೆಗೆ ಹಾಕುವ ಮುಂಚೆ ಪ್ರತಿ ಜೋಡಿಯನ್ನೂ ಅಳೆಯಿರಿ.

ಇಂತಿ,
ನಿಮ್ಮ ಗ್ರಾಹಕ,
ಸಾಗರ