ತಡೆ ತೆರವಾದರೂ ಫೈಲು ಚಲಿಸದು

ಸಂಪಾದಕರೇ,

ಸರ್ಕಾರದ ಪರಿಶೀಲನೆ ಮುಗಿಯುವ ತನಕ ನಿರಾಶ್ರಿತರ ಪ್ರವೇಶ ನಿಲ್ಲಿಸಬೇಕೆಂಬ ಕೂಗು ಅಮೆರಿಕದಲ್ಲಿ ಹಳೆಯದು. 2015ರಲ್ಲಿ ಟೆಕ್ಸಾಸ್‌ನ ಸಂಸದ ಬ್ರಯಾನ್ ಬಾಬಿನ್ ಮಂಡಿಸಿದ ಮಸೂದೆ, ಪುನರ್ವಸತಿಯ ಖರ್ಚಿನ ಲೆಕ್ಕ ಸಿಗುವವರೆಗೆ ಬಾಗಿಲು ಮುಚ್ಚಿ ಎಂದಿತ್ತು. ಅದು ಕಾನೂನಾಗಲಿಲ್ಲ. 2017ರ ಜನವರಿಯಲ್ಲಿ ಅಧ್ಯಕ್ಷರ ಆದೇಶವೇ 120 ದಿನಗಳ ತಡೆ ತಂದಿತು.

ಲೆಕ್ಕ ಕೇಳುವುದು ತಪ್ಪಲ್ಲ. ಆದರೆ ತಡೆ ತೆರವಾದೊಡನೆ ನಿರಾಶ್ರಿತರ ಫೈಲು ನಿಂತಲ್ಲಿಂದಲೇ ಹೊರಡುತ್ತದೆ ಎಂಬ ಎಣಿಕೆ ತಪ್ಪು. ವಿಶ್ವಸಂಸ್ಥೆಯ ಶಿಫಾರಸು, ಹೆಸರು ತಪಾಸಣೆ, ಬೆರಳಚ್ಚು, ಅಧಿಕಾರಿಯೆದುರು ಸಂದರ್ಶನ, ವೈದ್ಯಕೀಯ ಪರೀಕ್ಷೆ, ಯಾವ ಊರಿನ ಸಂಸ್ಥೆ ಬರಮಾಡಿಕೊಳ್ಳುತ್ತದೆಂಬ ಖಾತರಿ, ಕೊನೆಗೆ ಟಿಕೆಟ್: ಇಷ್ಟಕ್ಕೆ ಸಾಮಾನ್ಯವಾಗಿ ಒಂದೂವರೆ–ಎರಡು ವರ್ಷ ಹಿಡಿಯುತ್ತಿತ್ತು. ಮುಖ್ಯ ತಪಾಸಣೆಗಳಿಗೆಲ್ಲ ವಾಯಿದೆಯುಂಟು. ವೈದ್ಯಕೀಯ ಪರೀಕ್ಷೆಯ ಫಲಿತಾಂಶ ಸಾಮಾನ್ಯವಾಗಿ ಆರು ತಿಂಗಳು ಊರ್ಜಿತ; ಕ್ಷಯದ ಶಂಕೆಯಿದ್ದರೆ ಮೂರೇ ತಿಂಗಳು. ಟಿಕೆಟ್‌ಗಾಗಿ ಎರಡು ತಿಂಗಳು ಕಾದವರಿಗೆ 120 ದಿನದ ತಡೆ ಬಿದ್ದರೆ ಪರೀಕ್ಷೆಯ ಆಯುಸ್ಸು ಅಲ್ಲಿಗೇ ಮುಗಿಯಿತು. ಅದನ್ನು ಮತ್ತೆ ಮಾಡಿಸುವಷ್ಟರಲ್ಲಿ ಭದ್ರತಾ ತಪಾಸಣೆಯ ವಾಯಿದೆ ತೀರುತ್ತದೆ. ನಡುವೆ ಮಗನಿಗೆ 14 ತುಂಬಿದರೆ ಅವನ ಬೆರಳಚ್ಚೂ ಬೇಕು. ಮಗು ಹುಟ್ಟಿದರೆ ಅದರ ಹೆಸರು ಸೇರುವವರೆಗೆ ಇಡೀ ಮನೆಯವರು ಕಾಯಬೇಕು.

ಇತ್ತ ಬರಮಾಡಿಕೊಳ್ಳುವ ಸಂಸ್ಥೆಗಳಿಗೆ ಅನುದಾನ ಬರುವುದು ತಲೆಲೆಕ್ಕದಲ್ಲಿ. ಜನ ಬಾರದಿದ್ದರೆ ಹಣವಿಲ್ಲ. ದುಭಾಷಿ, ಬಾಡಿಗೆ ಮನೆ ಹುಡುಕುವವರು ಕೆಲಸ ಬಿಡುತ್ತಾರೆ, ಕಚೇರಿ ಮುಚ್ಚುತ್ತದೆ. 2016ರ ಹಣಕಾಸು ವರ್ಷದಲ್ಲಿ ಸುಮಾರು 85,000 ಮಂದಿ ಬಂದಿದ್ದರು. 2022ರ ಹಣಕಾಸು ವರ್ಷಕ್ಕೆ, ಎಷ್ಟು ನಿರಾಶ್ರಿತರು ಬರಬಹುದೆಂಬ ಮಿತಿಯನ್ನು 1,25,000ಕ್ಕೆ ಏರಿಸಿದರೂ ಬಂದವರು ಸುಮಾರು 25,500. ಕೋವಿಡ್ ಪಾಲೂ ಇದೆ ನಿಜ, ಆದರೆ ಕಳಚಿಟ್ಟ ವ್ಯವಸ್ಥೆ ಒಂದು ಸಹಿಯಿಂದ ಮತ್ತೆ ಜೋಡಣೆಯಾಗುವುದಿಲ್ಲ. (ಗಡಿಗೆ ಬಂದು ಆಶ್ರಯ ಕೋರುವವರ ದಾರಿಯೇ ಬೇರೆ. ಚರ್ಚೆಯಲ್ಲಿ ಅವರನ್ನೂ ಈ ನಿರಾಶ್ರಿತರನ್ನೂ ಒಂದೇ ಚೀಲಕ್ಕೆ ತುಂಬುವವರು ಇದನ್ನು ಗಮನಿಸಬೇಕು.)

1980ರ ನಿರಾಶ್ರಿತರ ಕಾಯ್ದೆಯಂತೆ ಅಧ್ಯಕ್ಷರು ಪ್ರತಿವರ್ಷ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಜತೆ ಸಮಾಲೋಚಿಸಿಯೇ ಮಿತಿ ಗೊತ್ತುಮಾಡಬೇಕು. ಖರ್ಚಿನ ಪ್ರಶ್ನೆಯನ್ನು ಅಲ್ಲೇ ಕೇಳಬಹುದು, ಅದಕ್ಕಾಗಿ ಸಾಲನ್ನೇ ನಿಲ್ಲಿಸಬೇಕಿಲ್ಲ. ತಡೆ ಬೇಕೇಬೇಕೆಂದರೆ ಅದು ಹೊಸ ಶಿಫಾರಸುಗಳಿಗಷ್ಟೇ ಇರಲಿ. ಸಂದರ್ಶನ ದಾಟಿದವರ ವೈದ್ಯಕೀಯ, ಬೆರಳಚ್ಚು ನವೀಕರಣ ತಡೆಯ ಅವಧಿಯಲ್ಲೂ ನಡೆಯತಕ್ಕದ್ದು ಎಂಬ ಒಂದು ಕಲಮನ್ನು ತಡೆ ತರುವ ಮಸೂದೆಯಲ್ಲೇ ಬರೆಯಲಿ.