ಮಗಳಿಗೊಂದು ಪತ್ರ: ಇವತ್ತಿನ ಪಾಲು

ಉಡುಪಿ
ಶನಿವಾರ ರಾತ್ರಿ

ಪ್ರೀತಿಯ ಮಗಳೇ,

ಜರ್ಮನಿಗೆ ನರ್ಸ್ ಕೆಲಸಕ್ಕೆ ಹೋಗಲೆಂದು ಬೆಂಗಳೂರಿನ ಹಾಸ್ಟೆಲಿನಲ್ಲಿದ್ದು ಭಾಷೆ ಕಲಿಯುತ್ತಿರುವ ನೀನು ವಾಟ್ಸಾಪ್‌ನಲ್ಲಿ ಕಳಿಸಿದ ಟೈಮ್‌ಟೇಬಲ್ ನೋಡಿದೆ. ನಾಲ್ಕೂವರೆಗೆ ಏಳುವುದು. ಐದಕ್ಕೆ ಜರ್ಮನ್ ವ್ಯಾಕರಣ. ಆಮೇಲೆ ಕ್ಲಾಸು, ಆಮೇಲೆ ಇಯರ್‌ಫೋನ್ ಹಾಕಿ ಕೇಳುವ ಅಭ್ಯಾಸ. ಊಟಕ್ಕೆ ಹದಿನೈದು ನಿಮಿಷ, ಪ್ರಾರ್ಥನೆಗೆ ಹತ್ತು. ಮಲಗುವುದು ಹನ್ನೆರಡಕ್ಕೆ. ಟೈಮ್‌ಟೇಬಲ್ ವಿಷಯದಲ್ಲಿ ಬಾಯಿ ಹಾಕುವ ಹಕ್ಕು ನನಗೆ ಸ್ವಲ್ಪ ಇದೆ, ಅಲ್ವಾ? ಬಸ್ ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಕೆಲಸ ಮಾಡಿಯೇ ಮನೆ ನಡೆಸಿದವನು ನಾನು.

ಅದರ ಕೆಳಗೆ ನೀನು ಬರೆದದ್ದನ್ನು ಮಮ್ಮಿಗೂ ಓದಿ ಹೇಳಿದೆ. "ಇಷ್ಟೆಲ್ಲ ಮಾಡಿದರೂ ದಿನಗಳು ಸುಮ್ನೆ ಹೋಗ್ತಿವೆ ಪಪ್ಪ. ಜರ್ಮನಿಗೆ ಹೋದ ಮೇಲೆಯೇ ಏನಾದರೂ ಶುರುವಾಗುವುದು. ಅದರ ಮಧ್ಯೆ ರೂಮಿನ ಹುಡುಗಿಗೆ ಜ್ವರ ಬಂದು ಎರಡು ದಿನ ಹಾಳಾಯಿತು." ಮಮ್ಮಿ, "ಒಂದು ಫೋನ್ ಮಾಡಿ" ಎಂದಳು. ಫೋನಿನಲ್ಲಿ ನೀನು ಹೂಂ ಹೂಂ ಅನ್ನುತ್ತೀಯ, ಮತ್ತೆ ಚಾರ್ಜ್ ಇಲ್ಲ ಅನ್ನುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನಿಧಾನಕ್ಕೆ ಓದು.

ನಮ್ಮ ಸರ್ವಿಸ್ ಬಸ್ಸುಗಳ ಗಲಾಟೆ ನಿನಗೆ ಗೊತ್ತೇ ಇದೆ. ಹೊರಡಬೇಕಾದ ಬಸ್ಸು ಎರಡು ನಿಮಿಷ ಜಾಸ್ತಿ ನಿಂತಿತೆಂದರೆ ಹಿಂದಿನ ಬಸ್ಸಿನ ಜನ ಅದಕ್ಕೇ ಹತ್ತುತ್ತಾರೆ. ಹಿಂದಿನವನ ಕಲೆಕ್ಷನ್ ಹೋಯಿತು. ಆಮೇಲೆ ಇಬ್ಬರು ಕಂಡಕ್ಟರುಗಳ ಜಗಳ, ನಡುವೆ ಪುಸ್ತಕ ಹಿಡಿದು ನಾನು. ಹಾಗಾಗಿ ನಿಮಿಷಕ್ಕೆ ಬೆಲೆ ಇಲ್ಲ ಎಂದು ನಾನು ಯಾವತ್ತೂ ಹೇಳುವುದಿಲ್ಲ. ಆದರೆ ಇನ್ನೊಂದು ಜಾತಿಯ ಡ್ರೈವರ್ ಇದ್ದಾನೆ. ಅವನಿಗೆ ಮಂಗಳೂರಿಗೆ ಟೈಮಿಗೆ ಮುಟ್ಟುವುದೊಂದೇ ಲೆಕ್ಕ. ಕಟಪಾಡಿಯಲ್ಲಿ ಒಬ್ಬ ಅಜ್ಜಿ ಕೈ ತೋರಿಸಿದರೆ ನಿಲ್ಲಿಸುವುದಿಲ್ಲ, ಪಡುಬಿದ್ರಿಯಲ್ಲಿ ಶಾಲೆ ಮಕ್ಕಳನ್ನು ನೋಡಿಯೂ ನೋಡದ ಹಾಗೆ ಹೋಗುತ್ತಾನೆ. ಮಂಗಳೂರಿಗೆ ಸರಿಯಾದ ಹೊತ್ತಿಗೇ ಮುಟ್ಟುತ್ತಾನೆ. ಸೀಟೆಲ್ಲ ಖಾಲಿ. ನಿನ್ನ ಟೈಮ್‌ಟೇಬಲ್ ನೋಡಿ ನನಗೆ ನೆನಪಾದದ್ದು ಅವನೇ.

ಆ ಎರಡು ದಿನ ಹಾಳಾಗಲಿಲ್ಲ ಮಾರಾಯ್ತಿ. ನಾನು ನೋಡಿದ ಹಾಗೆ ಈ ತಿಂಗಳಲ್ಲಿ ನೀನು ಸರಿಯಾಗಿ ಬದುಕಿದ ದಿನಗಳು ಅವೇ. ಅವಳಿಗೆ ಹಣೆಗೆ ಒದ್ದೆ ಬಟ್ಟೆ ಹಾಕಿದ್ದು, ಹಾಸ್ಟೆಲಿನ ಇಂಡಕ್ಷನ್ ಒಲೆಯಲ್ಲಿ ಗಂಜಿ ಬೇಯಿಸಿದ್ದು, ರಾತ್ರಿ ಎರಡು ಗಂಟೆಗೆ ಎದ್ದು ಜ್ವರ ನೋಡಿದ್ದು ಇದನ್ನೆಲ್ಲ ನೀನೇ ಮಮ್ಮಿಗೆ ಹೇಳಿದ್ದಲ್ವಾ? ನರ್ಸಿಂಗ್ ಓದಿದ್ದು ಯಾಕೆ ಮತ್ತೆ? ಜರ್ಮನಿಯ ಆಸ್ಪತ್ರೆಯಲ್ಲಿ ಮಾಡುವುದೂ ಇದನ್ನೇ.

ಮಾರ್ಕನ ಸುವಾರ್ತೆಯ ಮೊದಲನೆಯ ಅಧ್ಯಾಯ ಇವತ್ತು ಮಲಗುವ ಮೊದಲು ಓದು. ಯೇಸುವಿನ ಒಂದೇ ಒಂದು ದಿನವನ್ನು ಅಲ್ಲಿ ಬಿಡಿಸಿ ಬರೆದಿದೆ. ಕಪೆರ್ನೌಮಿನಲ್ಲಿ ಸಬ್ಬತ್ ದಿನ, ಅಂದರೆ ಯೆಹೂದ್ಯರ ವಾರದ ವಿಶ್ರಾಂತಿಯ ದಿನ. ಬೆಳಿಗ್ಗೆ ಸಭಾಮಂದಿರದಲ್ಲಿ ಬೋಧನೆ, ಅಲ್ಲೇ ದೆವ್ವ ಹಿಡಿದ ಒಬ್ಬನ ಗಲಾಟೆ. ಅಲ್ಲಿಂದ ಶಿಷ್ಯ ಸೀಮೋನನ ಮನೆಗೆ ಬಂದರೆ ಅವನ ಅತ್ತೆಗೆ ಜ್ವರ. ಆತನು ಹತ್ತಿರ ಹೋಗಿ ಕೈ ಹಿಡಿದು ಎಬ್ಬಿಸಿದನು. ಲೋಕವನ್ನೇ ರಕ್ಷಿಸಲು ಬಂದವನ ದಿನಚರಿಯಲ್ಲಿ ಮನೆಯೊಳಗೆ ಮಲಗಿದ್ದ ಒಬ್ಬ ಹೆಂಗಸಿನ ಜ್ವರಕ್ಕೂ ಜಾಗ ಇತ್ತು ನೋಡು. ಸೂರ್ಯ ಮುಳುಗಿದ ಮೇಲೆ ಊರಿಗೆ ಊರೇ ಬಾಗಿಲಿಗೆ ಬಂತು.

ಮರುದಿನದ್ದು ಇನ್ನೂ ಚೆನ್ನಾಗಿದೆ. ಇನ್ನೂ ಕತ್ತಲಿರುವಾಗ ಎದ್ದು ಆತನು ಒಬ್ಬನೇ ಪ್ರಾರ್ಥನೆಗೆ ಹೋದನು. ಸೀಮೋನನವರು ಹುಡುಕಿಕೊಂಡು ಬಂದು, ಎಲ್ಲರೂ ನಿನ್ನನ್ನೇ ಹುಡುಕುತ್ತಿದ್ದಾರೆ ಎಂದರು. ನಮಗೆ ಯಾರಾದರೂ ಹಾಗೆ ಹೇಳಿದರೆ ಓಡಿಬಿಡುತ್ತೇವೆ. ಆತನು ಓಡಲಿಲ್ಲ. ಬೇರೆ ಊರುಗಳಿಗೆ ಹೋಗೋಣ, ನಾನು ಬಂದದ್ದು ಅದಕ್ಕೇ ಎಂದನು. ಕಪೆರ್ನೌಮಿನಲ್ಲಿ ಆ ಬೆಳಿಗ್ಗೆ ಕಾಯುತ್ತಿದ್ದವರು ಕಾಯುತ್ತಲೇ ಉಳಿದರು. ಎಲ್ಲವನ್ನೂ ಮಾಡಿ ಮುಗಿಸಲು ದೇವರ ಮಗನೇ ಹೋಗಲಿಲ್ಲ, ಇನ್ನು ನೀನು ಯಾರು?

ಸಂಡೇ ಸ್ಕೂಲಿನಲ್ಲಿ ನೀವೆಲ್ಲ ಮನ್ನದ ನಾಟಕ ಮಾಡಿದ್ದು ನೆನಪಿದೆಯಾ? ಹತ್ತಿ ಉದುರಿಸಿ ಚರ್ಚಿನ ನೆಲವೆಲ್ಲ ರಂಪ ಮಾಡಿದ್ದಿರಿ. ಮರುಭೂಮಿಯಲ್ಲಿ ಇಸ್ರಾಯೇಲ್ಯರಿಗೆ ದೇವರು ಆಕಾಶದಿಂದ ಕೊಟ್ಟ ಆಹಾರವೇ ಮನ್ನ, ವಿಮೋಚನಕಾಂಡದ 16ನೇ ಅಧ್ಯಾಯ. ಒಬ್ಬೊಬ್ಬರಿಗೆ ಒಂದು ಓಮೆರ್, ಅಂದರೆ ಹೆಚ್ಚುಕಡಿಮೆ ಎರಡು ಲೀಟರ್ ಹಿಡಿಯುವಷ್ಟು. ಬೆಳಿಗ್ಗೆಯೇ ಕೂಡಿಸಬೇಕು, ಬಿಸಿಲೇರಿದರೆ ಕರಗಿ ಹೋಗುತ್ತಿತ್ತು. ನಾಳೆಗೆ ಇರಲಿ ಎಂದು ಇಟ್ಟವರದ್ದು ಹುಳ ಬಿದ್ದು ನಾರಿತು. ಜಾಸ್ತಿ ಕೂಡಿಸಿದವನಿಗೆ ಅಳೆದು ನೋಡಿದಾಗ ಹೆಚ್ಚಾಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ಇದು 40 ವರ್ಷ ನಡೆಯಿತು. ಯೋಚನೆ ಮಾಡು, ಆ ಜನರೂ ದೇವರು ಮಾತು ಕೊಟ್ಟಿದ್ದ ಕಾನಾನ್ ದೇಶಕ್ಕೆ ಕಾಯುತ್ತಿದ್ದವರೇ. ಅಲ್ಲಿಗೆ ಮುಟ್ಟಿದ ಮೇಲೆ ಊಟ ಎಂದು ದೇವರು ಹೇಳಲಿಲ್ಲ. ದಾರಿಯ ಒಂದೊಂದು ದಿನಕ್ಕೂ ಅದರದೇ ಪಾಲು ಇತ್ತು. ನಿನಗೂ ಬೆಂಗಳೂರಿನ ಈ ದಿನಗಳಿಗೆ ಪಾಲು ಇದೆ. ಅದನ್ನು ಜರ್ಮನಿಗೆ ಹೋದ ಮೇಲೆ ಕೂಡಿಸಲು ಆಗುವುದಿಲ್ಲ.

ಅನುದಿನದ ಆಹಾರವನ್ನು ಈ ಹೊತ್ತು ಕೊಡು ಎಂದು ನಾವು ದಿನಾ ಬೇಡುವುದೂ ಇದನ್ನೇ. ಒಂದು ವರ್ಷದ್ದನ್ನು ಒಟ್ಟಿಗೆ ಕೊಟ್ಟುಬಿಡು ಎಂದು ಬೇಡುವುದಿಲ್ಲ. ಕೊಟ್ಟರೆ ನಾವು ಮತ್ತೆ ಡಿಸೆಂಬರ್ 31ರ ರಾತ್ರಿಯೇ ಚರ್ಚಿಗೆ ಹೋಗುವುದು, ಬಿಡು.

ಡಿಸೆಂಬರ್ 31 ಅಂದಾಗ ವಾಗ್ದಾನದ ಕಾರ್ಡು ನೆನಪಾಯಿತು, ಹೊಸ ವರ್ಷಕ್ಕೆಂದು ಆ ರಾತ್ರಿ ಚರ್ಚಿನಲ್ಲಿ ನಾವು ಒಬ್ಬೊಬ್ಬರೂ ಎತ್ತಿಕೊಳ್ಳುವ ಬೈಬಲ್ ವಚನದ ಕಾರ್ಡು. ನಿನ್ನ ದೊಡ್ಡಮ್ಮ ಒಂದು ಸಲ ತೆಗೆದ ವಚನ ಹಿಡಿಸಲಿಲ್ಲ ಎಂದು ಮೆಲ್ಲ ವಾಪಸ್ ಹಾಕಿ ಬೇರೆ ತೆಗೆದದ್ದನ್ನು ನೀನೇ ನೋಡಿ ನಕ್ಕಿದ್ದೆ. ಈಗ ಅದೇ ಫೋನಿಗೆ ದಿನಾ ಬರುತ್ತದೆ, ಗುಲಾಬಿ ಹೂವಿನ ಚಿತ್ರದ ಜೊತೆಗೆ. ನನಗೆ ಅದರಲ್ಲಿ ಅಷ್ಟು ಮನಸ್ಸಿಲ್ಲ. ವಚನವನ್ನು ದಿನಭವಿಷ್ಯದ ಹಾಗೆ ನೋಡಿ ಬದಿಗೆ ತಳ್ಳಿದರೆ ಎಂತ ಬಂತು?

ಆದರೆ ದಿನಕ್ಕೊಂದು ವಚನ ಎನ್ನುವ ಅಭ್ಯಾಸ ಬಂದದ್ದು ಒಳ್ಳೆಯ ಜಾಗದಿಂದ. ನೀನು ಹೋಗುವ ದೇಶದಿಂದಲೇ. ಸ್ಯಾಕ್ಸನಿಯ ಹೆರ್ನ್‌ಹುಟ್ ಎಂಬ ಸಣ್ಣ ಊರಿನಲ್ಲಿ 1728ರಲ್ಲಿ ಮೊರಾವಿಯನ್ ಎಂಬ ಕ್ರೈಸ್ತ ಸಭೆಯವರು ಇದನ್ನು ಶುರು ಮಾಡಿದರು. ಆ ದಿನದ ಮಾತನ್ನು ಮನೆಮನೆಗೆ ಹೋಗಿ ಹೇಳುತ್ತಿದ್ದರು. ಹೋದವರು ಸುಮ್ನೆ ವಚನ ಹೇಳಿ ಬರುತ್ತಿರಲಿಲ್ಲ, ಮನೆಯವರು ಹೇಗಿದ್ದಾರೆ ಎಂದೂ ವಿಚಾರಿಸುತ್ತಿದ್ದರು. 1731ರಿಂದ ಅದು ಪುಸ್ತಕವಾಗಿ ಪ್ರತಿ ವರ್ಷ ಬರುತ್ತಿದೆ. ಹೆಸರು ಲೋಸುಂಗನ್. ಹಳೆಯ ಒಡಂಬಡಿಕೆಯ ವಚನವನ್ನು ಇವತ್ತಿಗೂ ಅಲ್ಲಿ ಚೀಟಿ ಎತ್ತಿಯೇ ಆರಿಸುತ್ತಾರೆ. ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಚನವನ್ನು ಹುಡುಕಿ ಜೊತೆಗೆ ಇಡುತ್ತಾರೆ. ನಿನ್ನ ಟೀಚರ್ ಹತ್ತಿರ ಕೇಳು. ಜರ್ಮನ್‌ನಲ್ಲಿ ದಿನಕ್ಕೆ ಎರಡು ವಚನ ಓದಿದರೆ ಭಾಷೆಯೂ ಬಂತು, ಬೇರೆಯದೂ ಬಂತು.

ಭಾಷೆ ನಾಲಿಗೆಗೆ ಹತ್ತುವುದಿಲ್ಲ ಎಂದು ಅಳುತ್ತೀಯಲ್ಲ, ಅಲ್ಲಿಂದ ಇಲ್ಲಿಗೆ ಬಂದವರನ್ನು ಒಮ್ಮೆ ನೆನೆಸು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕಿಟೆಲ್ ಬಂದದ್ದು 1853ರಲ್ಲಿ, ಆಗ ಅವರಿಗೆ ನಿನಗಿಂತ ಕಡಿಮೆ ಪ್ರಾಯ. ಅವರ ಕನ್ನಡ ನಿಘಂಟು ಮಂಗಳೂರಿನ ಮಿಷನ್ ಪ್ರೆಸ್ಸಿನಿಂದ ಹೊರಗೆ ಬಂದದ್ದು 1894ರಲ್ಲಿ. ಲೆಕ್ಕ ಹಾಕು. ಸುಮಾರು 70 ಸಾವಿರ ಪದಗಳು. ಕಂಪ್ಯೂಟರ್ ಇಲ್ಲ, ಕೊನೆ ಕೊನೆಗೆ ಕಣ್ಣೂ ಸರಿ ಇರಲಿಲ್ಲ. ನಿಘಂಟು ಮುಗಿದ ಮೇಲೆ ಬದುಕುತ್ತೇನೆ ಎಂದು ಅವರು ಕೂತಿದ್ದರೆ ಕಥೆ ಮುಗಿದಿತ್ತು. ನಡುವೆ ಶಾಲೆಯಲ್ಲಿ ಪಾಠ ಮಾಡಿದರು, ಕನ್ನಡದಲ್ಲಿ ಪದ್ಯ ಬರೆದರು, ನಾಗವರ್ಮನ ಛಂದಸ್ಸಿನ ಗ್ರಂಥವನ್ನು ಅಚ್ಚಿಗೆ ತಂದರು. ನೀನು ಹುಟ್ಟಿದ ಆಸ್ಪತ್ರೆಯೂ ಹಾಗೇ. ನಮ್ಮ ಮಿಷನ್ ಆಸ್ಪತ್ರೆಯನ್ನು 1923ರಲ್ಲಿ ಶುರು ಮಾಡಿದ ಡಾಕ್ಟರ್ ಇವಾ ಲೊಂಬಾರ್ಡ್ ಸ್ವಿಟ್ಜರ್ಲೆಂಡಿನವರು. ಉಡುಪಿಯ ಬಾಣಂತಿಯರ ಮಾತು ಅರ್ಥವಾಗಬೇಕಾದರೆ ಅವರೂ ಎಲ್ಲಿಂದಲೋ ಶುರು ಮಾಡಿರಲೇಬೇಕು. ನಿನಗೆ ಉಳಿದಿರುವುದು ಜರ್ಮನ್ ಭಾಷೆಯ ಬಿ2 ಮಟ್ಟದ ಪರೀಕ್ಷೆಯ ಕೇಳುವ ಭಾಗ ಒಂದೇ. ಆಗುತ್ತದೆ.

ಈಗ ನಿದ್ದೆಯ ವಿಷಯ. ಇದರಲ್ಲಿ ನಾನು ನಿನ್ನ ಹತ್ತಿರ ಚೌಕಾಸಿ ಮಾಡುವುದಿಲ್ಲ. ಆದಿಕಾಂಡದಲ್ಲಿ ದಿನವನ್ನು ಹೇಗೆ ಹೇಳಿದೆ ನೋಡು. ಮೊದಲು ಸಾಯಂಕಾಲವಾಯಿತು, ಆಮೇಲೆ ಬೆಳಗಾಯಿತು, ಅದು ಮೊದಲನೆಯ ದಿನ. ಯೆಹೂದ್ಯರಿಗೆ ಇವತ್ತಿಗೂ ಸಬ್ಬತ್ ಶುರುವಾಗುವುದು ಶುಕ್ರವಾರ ಸೂರ್ಯ ಮುಳುಗುವಾಗ. ಅಂದರೆ ದಿನ ಶುರುವಾಗುವಾಗ ಮನುಷ್ಯ ಮಾಡುವ ಮೊದಲ ಕೆಲಸ ಉಂಡು ಮಲಗುವುದು. ಆ ಹೊತ್ತಿನಲ್ಲಿ ಕೆಲಸ ಮಾಡುವವನು ದೇವರು. ನಾವು ಬೆಳಿಗ್ಗೆ ಎದ್ದು ಅರ್ಧದಿಂದ ಸೇರಿಕೊಳ್ಳುತ್ತೇವೆ. ನಾನು ಇದನ್ನು ಮೊದಲು ಕೇಳಿದ್ದು ನಮ್ಮ ಹಿಂದಿನ ಸಭಾಪಾಲಕರ ಪ್ರಸಂಗದಲ್ಲಿ. ಅವತ್ತಿನಿಂದ ರಾತ್ರಿ ಟ್ರಿಪ್ಪಿನ ಪುಸ್ತಕ ಮುಚ್ಚುವಾಗ ನನಗೆ ಎಷ್ಟೋ ಹಗುರ. 127ನೇ ಕೀರ್ತನೆಯಲ್ಲಂತೂ ನಿನ್ನ ಟೈಮ್‌ಟೇಬಲ್ ಹಾಗೇ ಇದೆ: ಬೇಗ ಏಳುವುದು, ತಡವಾಗಿ ಮಲಗುವುದು, ಕಷ್ಟದ ಅನ್ನ ತಿನ್ನುವುದು. ಎಲ್ಲ ವ್ಯರ್ಥ ಎಂದಿದೆ. ದೇವರು ತನ್ನ ಪ್ರಿಯರಿಗೆ ಕೊಡುವುದು ನಿದ್ದೆ. ಹತ್ತೂವರೆಗೆ ಲೈಟ್ ಆರಿಸಬೇಕು. ರೋಗಿಯ ಮದ್ದು ಅಳೆದು ಕೊಡುವ ಕೈ ನಿನ್ನದು, ನಿದ್ದೆಗೆಟ್ಟು ಅಭ್ಯಾಸ ಮಾಡಿಕೊಳ್ಳಬೇಡ.

ಅಜ್ಜಿಯನ್ನು ನೀನು ಸಣ್ಣವಳಿರುವಾಗ ನೋಡಿದ್ದು. ಅವರ ಬೀಡಿ ಕಟ್ಟುವ ಕೆಲಸ ಮುಗಿಯುತ್ತಲೇ ಇರಲಿಲ್ಲ. ಸಾವಿರದ ಲೆಕ್ಕದಲ್ಲಿ ಕೂಲಿ. ಮಡಿಲಲ್ಲಿ ತಡಪೆ ಅಂದರೆ ಮೊರ, ಅದರಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ಬೆರಳಿಗೆ ಸುತ್ತಿದ ನೂಲು. ಏಳು ಗಂಟೆಗೆ ಸರಿಯಾಗಿ ತಡಪೆಯನ್ನು ಎತ್ತಿ ಕಪಾಟಿನ ಮೇಲೆ ಇಡುತ್ತಿದ್ದರು. ಸಾವಿರಕ್ಕೆ ನೂರು ಕಡಿಮೆ ಇದ್ದರೂ ಅಷ್ಟೇ. ಕೈ ತೊಳೆದರೂ ಬೆರಳಿನ ಹೊಗೆಸೊಪ್ಪಿನ ವಾಸನೆ ಹೋಗುತ್ತಿರಲಿಲ್ಲ. ಅದೇ ಬೆರಳಿನಲ್ಲಿ ಸತ್ಯವೇದದ ಸಾಲು ತೋರಿಸಿ ನಮ್ಮಿಂದ ಓದಿಸುತ್ತಿದ್ದರು. ಪ್ರಾರ್ಥನೆಯಲ್ಲಿ ಆ ದಿನ ಮನೆಗೆ ಬಂದವರ ಹೆಸರೆಲ್ಲ ಬರುತ್ತಿತ್ತು. ಮೀನಿನವಳು, ಪೋಸ್ಟಿನವರು, ಸಾಲ ಕೇಳಲು ಬಂದ ನೆರೆಮನೆಯವರು. ಯಾರ ಹತ್ತಿರವಾದರೂ ಜಗಳ ಆಗಿದ್ದರೆ ಆ ಹೆಸರು ಎಲ್ಲಕ್ಕಿಂತ ಕೊನೆಗೆ, ಸಣ್ಣ ಸ್ವರದಲ್ಲಿ. ಸೂರ್ಯ ಮುಳುಗುವ ಮೊದಲು ಸಿಟ್ಟು ಬಿಡಬೇಕು ಎಂದು ಪೌಲ ಎಫೆಸದವರಿಗೆ ಬರೆದದ್ದನ್ನು ಅವರು ಒಂದು ಗಂಟೆ ತಡವಾಗಿಯಾದರೂ ಪಾಲಿಸುತ್ತಿದ್ದರು. ನೀನೂ ರಾತ್ರಿ ಹಾಗೆ ಮಾಡು. ಎಷ್ಟು ಪಾಠ ಮುಗಿಯಿತು ಎಂದು ಬರೆಯುವ ಆ್ಯಪ್ ಇದೆ ಎಂದೆಯಲ್ಲ, ಅದನ್ನು ಮುಚ್ಚಿ ಇವತ್ತು ಎದುರಿಗೆ ಬಂದವರ ಹೆಸರು ಹೇಳು. ಸಾಕು.

ಕೊನೆಗೆ ನಿನ್ನ ಪ್ರಶ್ನೆ. ಭಾನುವಾರದ ಬ್ಯಾಚಿಗೆ ಸೇರಬಹುದಾ ಎಂದು ಕೇಳಿದ್ದೀಯ. ಬೇಡ ಎಂದು ನಾನು ಕಣ್ಣು ಮುಚ್ಚಿ ಹೇಳುವುದಿಲ್ಲ. ನರ್ಸಿಗೆ ಭಾನುವಾರದ ಡ್ಯೂಟಿ ತಪ್ಪಿದ್ದಲ್ಲ, ಯೇಸು ಕೈ ಬತ್ತಿದವನನ್ನು ವಾಸಿ ಮಾಡಿದ್ದೂ ಸಬ್ಬತ್ತಿನಲ್ಲೇ. ಆದರೆ ಈ ಬ್ಯಾಚ್ ನಿನಗೆ ಬೇಕಾಗಿಯೋ, ಬೇರೆಯವರು ಸೇರಿದರು ಎಂಬ ಹೆದರಿಕೆಗೋ? ಟೀಚರ್ ಬೇಕೇಬೇಕು ಎಂದರೆ ಪರೀಕ್ಷೆಯವರೆಗೆ ಮಾತ್ರ ಸೇರು. ಕ್ಲಾಸು ಹತ್ತೂವರೆಗೆ ಎಂದಿದ್ದೀಯ, ಬೆಳಗಿನ ಮೊದಲ ಆರಾಧನೆಗೆ ಹೋಗಿ ಬರಬಹುದು. ಮಧ್ಯಾಹ್ನದ ಊಟದ ನಂತರ ಪುಸ್ತಕ ಮುಟ್ಟಬಾರದು. ಮಲಗು, ಬಟ್ಟೆ ಒಗೆ, ರೂಮಿನವಳನ್ನು ಕರೆದುಕೊಂಡು ಕಬ್ಬನ್ ಪಾರ್ಕಿಗೆ ಹೋಗು, ಇಲ್ಲಿಗೆ ಫೋನ್ ಮಾಡು. ಮನ್ನವೂ ಆರನೆಯ ದಿನ ಎರಡು ಪಾಲು ಬೀಳುತ್ತಿತ್ತು, ಏಳನೆಯ ದಿನಕ್ಕೆ ಇಟ್ಟದ್ದು ಮಾತ್ರ ಕೆಡುತ್ತಿರಲಿಲ್ಲ. ಆದ್ದರಿಂದ ಶನಿವಾರ ಸ್ವಲ್ಪ ಜಾಸ್ತಿ ಓದಿಕೋ.

ಬ್ಯಾಚಿನ ಫೀಸು ಸೋಮವಾರ ಹಾಕುತ್ತೇನೆ. ಮಮ್ಮಿ ಕೋರಿ ರೊಟ್ಟಿಯ ಎರಡು ಪ್ಯಾಕೆಟ್, ಮಿಡಿ ಉಪ್ಪಿನಕಾಯಿ ಕಟ್ಟಿ ಇಟ್ಟಿದ್ದಾಳೆ. ನಾಳೆ ರಾತ್ರಿಯ ಬಸ್ಸಿನಲ್ಲಿ ಕಳಿಸುತ್ತೇನೆ, ಕಂಡಕ್ಟರನ ನಂಬರ್ ಮೆಸೇಜ್ ಮಾಡುತ್ತೇನೆ. ಒಂದು ಪ್ಯಾಕೆಟ್ ಆ ಜ್ವರದ ಹುಡುಗಿಗೆ.

ನಿನ್ನ,
ಪಪ್ಪ