ಬಿಳಿ ಕ್ಯಾನ್ವಾಸಿಗೂ ಪಾತ್ರವಿದೆ

ಮಾನ್ಯರೇ,

ಯಾಸ್ಮಿನಾ ರೆಜಾ ಅವರ ‘ಆರ್ಟ್’ (ಪ್ಯಾರಿಸ್, 1994) ನಾಟಕ ಆಡುವ ತಂಡಗಳು ಮಾತಿನಷ್ಟೇ ಗಮನವನ್ನು ಅದರಲ್ಲಿನ ಬಿಳಿ ಚಿತ್ರಕ್ಕೂ ಕೊಡಬೇಕು. ನಾಟಕದ ಮೂವರು ಗೆಳೆಯರಲ್ಲಿ ಒಬ್ಬನಾದ ಸೆರ್ಜ್ 2 ಲಕ್ಷ ಫ್ರಾಂಕ್ ಕೊಟ್ಟು ತಂದ, ಸುಮಾರು 5 ಅಡಿಗೆ 4 ಅಡಿಯ ಕ್ಯಾನ್ವಾಸಿನಲ್ಲಿ ಬಿಳಿಯ ಮೇಲೆ ಬಿಳಿ ಓರೆಗೆರೆಗಳಿವೆ. ಬರೀ ಬಿಳಿ ಹಲಗೆ ನಿಲ್ಲಿಸಿದರೆ, ಇದಕ್ಕೆ ಅಷ್ಟು ಹಣವೇ ಎಂದು ಕೆರಳುವ ಗೆಳೆಯ ಮಾರ್ಕ್‌ನ ಸಿಟ್ಟೇ ಸರಿಯೆನಿಸಿ, ಸೆರ್ಜ್ ಪೆದ್ದನಾಗಿ ಕಾಣುತ್ತಾನೆ. ಜಗಳದ ತೂಕ ಹೋಗುತ್ತದೆ.

ಗೆರೆಗಳನ್ನು ದಪ್ಪ ಪೇಸ್ಟಿನಿಂದ ತುಸು ಉಬ್ಬಿಸಿ, ಪಕ್ಕದಿಂದ ಓರೆಯಾಗಿ ಬೆಳಕು ಬಿಡಿ. ನೇರ ಎದುರಿನ ಬೆಳಕು ನೆರಳನ್ನೆಲ್ಲ ನುಂಗಿಬಿಡುತ್ತದೆ.

ಕಷ್ಟವಿರುವುದು ಕೊನೆಯಲ್ಲಿ. ಮಾರ್ಕ್ ಫೆಲ್ಟ್ ಪೆನ್ನಿನಿಂದ ಸ್ಕೀಯಿಂಗ್ ಆಡುವವನನ್ನು ಬಿಡಿಸುತ್ತಾನೆ, ಆಮೇಲೆ ಅದನ್ನು ತೊಳೆಯಬೇಕು. ಬಣ್ಣದ ಮೇಲ್ಪದರ ಶಾಯಿ ಹೀರಿದರೆ ಮರುಪ್ರಯೋಗಕ್ಕೆ ಕಲೆ ಉಳಿಯುತ್ತದೆ. ಹಾಗಾಗಿ ಮ್ಯಾಟ್ ವಾರ್ನಿಶ್ ಎರಡು ಮೂರು ಕೋಟ್ ಹಚ್ಚಿ, ಪೂರ್ತಿ ಒಣಗಲು ಬಿಡಿ. ಹೊಳಪಿನ ವಾರ್ನಿಶ್ ಬೇಡವೇ ಬೇಡ, ದೀಪ ಕಣ್ಣಿಗೆ ಹೊಡೆಯುತ್ತದೆ. ನೀರಿನಲ್ಲಿ ಕರಗುವ ಪೆನ್ನನ್ನೇ ಆರಿಸಿ, ಮೂಲೆಯಲ್ಲಿ ಮೊದಲೇ ಪರೀಕ್ಷಿಸಿ. ಇನ್ನೊಂದು ಕ್ಯಾನ್ವಾಸ್ ಸಿದ್ಧವಿರಲಿ.

ಆ ಗೆರೆ ಎಳೆಯುವಾಗ ಸೆರ್ಜ್ ಮತ್ತು ಮೂರನೆಯ ಗೆಳೆಯ ಇವಾನ್ ಅಲುಗಾಡಬಾರದು. ಪೆನ್ನು ಕ್ಯಾನ್ವಾಸ್ ಉಜ್ಜುವ ಸದ್ದು ಕೊನೆಯ ಸಾಲಿಗೂ ಕೇಳಿಸಬೇಕು.

— ಒಬ್ಬ ರಂಗಾಸಕ್ತ